ಕೈ ಸಿಂಪರಣಾ ಯಂತ್ರ: ಒಳಗಿನ ರಚನೆ, ಹೊಲದಲ್ಲಿ ಬಳಕೆ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಸಸ್ಯ ಸಂರಕ್ಷಣಾ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಔಷಧದ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಕೇಳಿಬರುವ ಮಾತು ಒಂದೇ: "ಹುಳ ಬಿದ್ದಿದೆ, ಯಾವ ಔಷಧ ಹೊಡೆಯಲಿ?" ಎಷ್ಟು ಹೊಡೆಯಲಿ ಎಂದು ಕೇಳುವವರು ಕೆಲವರು. ಯಾವ ಪಂಪಿನಲ್ಲಿ ಹೊಡೆಯಲಿ, ಅದಕ್ಕೆ ಯಾವ ನಾಜಲ್ ಹಾಕಲಿ ಎಂದು ಕೇಳುವವರು ಬಹಳ ವಿರಳ. ಸಾವಿರಾರು ರೂಪಾಯಿ ಕೊಟ್ಟು ಔಷಧ ತರುತ್ತೇವೆ. ಅದನ್ನು ಗಿಡಕ್ಕೆ ತಲುಪಿಸುವ ಪಂಪು ಮಾತ್ರ ಹಿಂದಿನ ಸಲದ ಔಷಧವನ್ನು ತಳದಲ್ಲಿ ಒಣಗಿಸಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತದೆ. ಔಷಧ ಕೆಲಸ ಮಾಡಲಿಲ್ಲ ಎಂದು ಅಂಗಡಿಯವನನ್ನು ಬೈಯುವ ಮೊದಲು ಪಂಪನ್ನು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರದವನಲ್ಲ. ಆದರೆ ಕಳೆನಾಶಕದ ಪ್ರಯೋಗ ಮಾಡುವವನಿಗೆ ಪಂಪಿನ ಪರಿಚಯವಿಲ್ಲದೆ ನಡೆಯುವುದಿಲ್ಲ. ಕೀಟನಾಶಕ ಸ್ವಲ್ಪ ಹೆಚ್ಚುಕಡಿಮೆಯಾದರೆ ಅದು ಕೂಡಲೇ ಕಣ್ಣಿಗೆ ಕಾಣುವುದಿಲ್ಲ. ಕಳೆನಾಶಕ ಹಾಗಲ್ಲ. ಒಂದು ಸಾಲಿಗೆ ಕಡಿಮೆ ಬಿದ್ದರೆ ಆ ಸಾಲಿನಲ್ಲಿ ಕಳೆ ನಗುತ್ತಾ ನಿಂತಿರುತ್ತದೆ, ಹೆಚ್ಚು ಬಿದ್ದರೆ ಬೆಳೆಯೇ ಸುಟ್ಟಿರುತ್ತದೆ. ಪಂಪಿನ ಗುಣದೋಷವೆಲ್ಲ ಹೊಲದ ಮೇಲೆ ಚಿತ್ರ ಬರೆದಂತೆ ಕಾಣುತ್ತದೆ.

ಪಿಚಕಾರಿಯಿಂದ ಪಂಪಿನವರೆಗೆ

ಓಕುಳಿಯಾಟದ ಪಿಚಕಾರಿಯನ್ನು ಎಲ್ಲರೂ ಬಲ್ಲಿರಿ. ಕೊಳವೆಯೊಳಗಿನ ದಂಡವನ್ನು ಹಿಂದಕ್ಕೆ ಎಳೆದರೆ ನೀರು ಒಳಕ್ಕೆ ಬರುತ್ತದೆ, ಮುಂದಕ್ಕೆ ದೂಡಿದರೆ ಹೊರಕ್ಕೆ ಹಾರುತ್ತದೆ. ಆದರೆ ನೀರು ಬರುವುದೂ ಹೋಗುವುದೂ ಒಂದೇ ತೂತಿನಿಂದ. ಆದ್ದರಿಂದ ಪ್ರತಿ ಸಲವೂ ಮೂತಿಯನ್ನು ಬಕೆಟ್ಟಿನಲ್ಲಿ ಅದ್ದಬೇಕು. ಇದೇ ಪಿಚಕಾರಿಗೆ ಎರಡು ಬಾಗಿಲು ಇಟ್ಟು, ಒಂದು ಒಳಕ್ಕೆ ಮಾತ್ರ, ಇನ್ನೊಂದು ಹೊರಕ್ಕೆ ಮಾತ್ರ ತೆರೆಯುವಂತೆ ಮಾಡಿದರೆ ಅದು ಪಂಪು ಆಗುತ್ತದೆ. ಈ ಬಾಗಿಲುಗಳೇ ವಾಲ್ವುಗಳು. ಸಿಂಪರಣಾ ಯಂತ್ರದಲ್ಲಿ ಇವು ಸಾಮಾನ್ಯವಾಗಿ ಒಂದು ಕುಳಿಯ ಮೇಲೆ ಕುಳಿತ ಸಣ್ಣ ಗುಂಡುಗಳು. ಎಳೆದಾಗ ಒಳಬಾಗಿಲಿನ ಗುಂಡು ಮೇಲೇಳುತ್ತದೆ, ಹೊರಬಾಗಿಲಿನ ಗುಂಡು ಬಿಗಿಯಾಗಿ ಕೂರುತ್ತದೆ; ದೂಡಿದಾಗ ಇದರ ತಿರುವುಮುರುವು.

ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದು ಹೊಸದಲ್ಲ. ತಿದಿಯ ಹೊಟ್ಟೆಯಲ್ಲಿರುವ ಚರ್ಮದ ಪಟ್ಟಿ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅದೇ ದಾರಿಯಲ್ಲಿ ಹಿಂದಕ್ಕೆ ಬಿಡುವುದಿಲ್ಲ. ಇಂದು ಮನೆಮನೆಯಲ್ಲಿ ಗಾಜು ಒರೆಸಲು, ಬಟ್ಟೆಗೆ ನೀರು ಚಿಮುಕಿಸಲು ಬಳಸುವ, ಬೆರಳಿನಿಂದ ಒತ್ತುವ ಪ್ಲಾಸ್ಟಿಕ್ ಬಾಟಲಿಯ ತಲೆಯೊಳಗೂ, ಕೈತೊಳೆಯುವ ಸಾಬೂನು ನೀರಿನ ಒತ್ತುಬಾಟಲಿಯೊಳಗೂ ಇರುವುದು ಇದೇ ಏರ್ಪಾಡು: ಒಂದು ಸಣ್ಣ ಕೊಳವೆ, ಒಂದು ಸ್ಪ್ರಿಂಗು, ಎರಡು ವಾಲ್ವು. ಹಾಳಾದ ಬಾಟಲಿಯೊಂದನ್ನು ಮಕ್ಕಳ ಕೈಗೆ ಕೊಟ್ಟು ಬಿಚ್ಚಿಸಿ ನೋಡಿ. ಪಂಪಿನ ಪಾಠ ಅರ್ಧ ಮುಗಿದಂತೆಯೇ. ಔಷಧದ ಬಾಟಲಿಯನ್ನು ಮಾತ್ರ ಕೊಡಬೇಡಿ.

ಬೆನ್ನಿಗೆ ಕಟ್ಟುವ ಪಂಪಿನ ಕಥೆ ಔಷಧದ ಕಥೆಯೊಂದಿಗೇ ಹೆಣೆದುಕೊಂಡಿದೆ. ಫ್ರಾನ್ಸಿನ ಬೋರ್ಡೋ ನಗರದ ಪ್ರಾಧ್ಯಾಪಕ ಮಿಲಾರ್ಡೆ 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವು ದ್ರಾಕ್ಷಿಯ ಬೂಜುರೋಗವನ್ನು ತಡೆಯುತ್ತದೆಂದು ಪ್ರಕಟಿಸಿದರು. ಮೊದಮೊದಲು ಅಲ್ಲಿನ ರೈತರು ಬಕೆಟ್ಟಿನಲ್ಲಿ ಕಡ್ಡಿಪೊರಕೆ ಅದ್ದಿ ಬಳ್ಳಿಗಳ ಮೇಲೆ ಕೊಡಹುತ್ತಿದ್ದರು. ಅರ್ಧ ಔಷಧ ನೆಲದ ಪಾಲು. ಕೆಲವೇ ವರ್ಷಗಳಲ್ಲಿ ವೆರ್ಮೊರೆಲ್ ಮುಂತಾದವರು ಬೆನ್ನಿಗೆ ಕಟ್ಟುವ ತಾಮ್ರದ ಪಂಪುಗಳನ್ನು ತಯಾರಿಸಿದರು. ನಮ್ಮಲ್ಲಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಡಾ. ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಮಲೆನಾಡಿಗೆ ಪರಿಚಯಿಸಿದರು. ಮಳೆಗಾಲಕ್ಕೆ ಮುಂಚೆ ಕೊನೆಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿದ್ದ ತೋಟಗಳಿಗೆ ಪಂಪು ಬಂದದ್ದು ಹೀಗೆ.

ಗಾಳಿಕೋಣೆ: ಪಂಪಿನ ಎದೆ

ಈಗ ಬೆನ್ನಿನ ಪಂಪನ್ನು ಬಿಚ್ಚೋಣ. ಟ್ಯಾಂಕು, ಸನ್ನೆಕೋಲು, ಪಿಸ್ಟನ್ ಇರುವ ಕೊಳವೆ, ವಾಲ್ವುಗಳು ಇವೆಲ್ಲ ಸರಿ. ಇವುಗಳ ಜೊತೆಗೆ ಒಂದು ಮುಚ್ಚಿದ ಡಬ್ಬಿಯಂಥ ಭಾಗ ಇದೆ. ಅದರೊಳಗೆ ನೋಡಿದರೆ ಏನೂ ಇಲ್ಲ, ಬರೀ ಗಾಳಿ. "ಇದು ಯಾಕೆ ಸಾರ್, ಖಾಲಿ ಡಬ್ಬಿ?" ಎಂದು ಪ್ರತಿ ಶಿಬಿರದಲ್ಲಿಯೂ ಯಾರಾದರೂ ಕೇಳುತ್ತಾರೆ. ಈ ಖಾಲಿ ಡಬ್ಬಿಯೇ ಬೆನ್ನಿನ ಪಂಪಿನ ಮುಖ್ಯವಾದ ಅಂಗ.

ಪಿಸ್ಟನ್ ದೂಡಿದಾಗ ಮಾತ್ರ ನೀರು ಹೊರಡುತ್ತದೆ, ಎಳೆಯುವಾಗ ನಿಲ್ಲುತ್ತದೆ. ನೇರವಾಗಿ ನಾಜಲ್‌ಗೆ ಬಿಟ್ಟರೆ ಸಿಂಪರಣೆ ಬೆರಳೊತ್ತು ಬಾಟಲಿಯಂತೆ ಚುಯ್ ಚುಯ್ ಎಂದು ತುಂಡುತುಂಡಾಗಿ ಬರುತ್ತದೆ. ನಡೆಯುತ್ತಾ ಹೊಡೆಯುವಾಗ ಒಂದು ಗಿಡಕ್ಕೆ ಬಿದ್ದು ಮುಂದಿನದಕ್ಕೆ ತಪ್ಪುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಬರುವುದಿಲ್ಲ, ಗಾಳಿಯನ್ನು ಕುಗ್ಗಿಸಬಹುದು. ಪಂಪಿನಿಂದ ಬಂದ ನೀರು ಮೊದಲು ಗಾಳಿಕೋಣೆಗೆ ನುಗ್ಗಿ ಅಲ್ಲಿನ ಗಾಳಿಯನ್ನು ಅದುಮುತ್ತದೆ. ಪಿಸ್ಟನ್ ಹಿಂದಕ್ಕೆ ಹೋಗುವ ಹೊತ್ತಿನಲ್ಲಿ ಅದುಮಿದ ಗಾಳಿ ಸ್ಪ್ರಿಂಗಿನಂತೆ ಹಿಗ್ಗಿ ನೀರನ್ನು ನಾಜಲ್ ಕಡೆಗೆ ದೂಡುತ್ತಲೇ ಇರುತ್ತದೆ. ಹೊಡೆತ ಬಿಟ್ಟುಬಿಟ್ಟು ಬಿದ್ದರೂ ಸಿಂಪರಣೆ ಒಂದೇ ಸಮನೆ ಬರುವುದು ಇದರಿಂದಲೇ.

ದಿನ ಕಳೆದಂತೆ ಈ ಗಾಳಿ ಸ್ವಲ್ಪಸ್ವಲ್ಪವಾಗಿ ನೀರಿನಲ್ಲಿ ಕರಗಿ ಹೋಗಿ ಕೋಣೆ ನೀರಿನಿಂದ ತುಂಬಿಕೊಳ್ಳಬಹುದು. ಆಗ ಸನ್ನೆಯ ಪ್ರತಿ ಹೊಡೆತಕ್ಕೂ ಸಿಂಪರಣೆ ಎಗರಿ ಎಗರಿ ಬೀಳುತ್ತದೆ. ಪಂಪು ಕೆಟ್ಟಿತು ಎಂದು ರಿಪೇರಿಗೆ ಒಯ್ಯಬೇಕಾಗಿಲ್ಲ. ಪಂಪನ್ನು ಬರಿದು ಮಾಡಿ, ಗಾಳಿಕೋಣೆಯ ನೀರನ್ನು ಬಸಿದು ಮತ್ತೆ ಜೋಡಿಸಿದರೆ ಸರಿಯಾಗುತ್ತದೆ. ಖರ್ಚಿಲ್ಲ.

ಒತ್ತಡದ ಲೆಕ್ಕವನ್ನೂ ಒಂದಿಷ್ಟು ನೋಡೋಣ. ಪಿಸ್ಟನ್ನಿನ ಅಡ್ಡಳತೆ 4 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ಮುಖದ ವಿಸ್ತೀರ್ಣ ಸುಮಾರು 12.5 ಚದರ ಸೆಂ.ಮೀ. ಕೀಟನಾಶಕದ ನಾಜಲ್‌ಗೆ ಬೇಕಾದ 3 ಕೆ.ಜಿ. ಒತ್ತಡ, ಅಂದರೆ ಪ್ರತಿ ಚದರ ಸೆಂ.ಮೀ.ಗೆ 3 ಕಿಲೋಗ್ರಾಂ, ಬರಬೇಕಾದರೆ ಪಿಸ್ಟನ್ನನ್ನು ಸುಮಾರು 38 ಕಿಲೋ ಬಲದಿಂದ ದೂಡಬೇಕು. ಸನ್ನೆಕೋಲು ಐದು ಪಟ್ಟು ಅನುಕೂಲ ಕೊಟ್ಟರೆ ಕೈಗೆ ಬೀಳುವ ಭಾರ ಏಳೂವರೆ ಕಿಲೋ. ಪಿಸ್ಟನ್ನಿನ ಅಡ್ಡಳತೆಯನ್ನು 5 ಸೆಂ.ಮೀ. ಮಾಡಿದರೆ ಪ್ರತಿ ಹೊಡೆತಕ್ಕೂ ಹೆಚ್ಚು ನೀರು ಬರುತ್ತದೆ, ನಿಜ. ಆದರೆ ಕೈಭಾರ ಹನ್ನೆರಡು ಕಿಲೋಗೆ ಹತ್ತಿರವಾಗುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಹನ್ನೆರಡು ಕಿಲೋ ಒತ್ತುತ್ತಾ ಕೆಸರುಗದ್ದೆಯಲ್ಲಿ ನಡೆಯಲು ಯಾರಿಂದ ಆದೀತು? ಪಂಪಿನ ರಚನೆಯೆಂದರೆ ಹೀಗೆ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರ. ಮೇಲೆ ಹೇಳಿದ 4 ಸೆಂ.ಮೀ. ಪಿಸ್ಟನ್ 5 ಸೆಂ.ಮೀ. ದೂರ ಚಲಿಸಿದರೆ ಒಂದು ಹೊಡೆತಕ್ಕೆ ಸುಮಾರು 60 ಮಿಲಿಲೀಟರ್. ನಾಜಲ್ ನಿಮಿಷಕ್ಕೆ 600 ಮಿಲಿಲೀಟರ್ ಕುಡಿದರೆ ಹತ್ತು ಪೂರ್ಣ ಹೊಡೆತ ಸಾಕು. ಅರ್ಧರ್ಧ ಹೊಡೆತ ಹಾಕುವವರಿಗೆ ಇಪ್ಪತ್ತು ಬೇಕು. ಇದಕ್ಕಿಂತ ಬಹಳ ಹೆಚ್ಚು ಸಲ ಒತ್ತಬೇಕಾಗಿ ಬಂದರೆ ಎಲ್ಲೋ ಸೋರಿಕೆ ಇದೆ ಎಂದು ತಿಳಿಯಬೇಕು.

ಪಿಸ್ಟನ್ನಿನ ಬದಲು ರಬ್ಬರಿನ ಪೊರೆಯನ್ನು ಹಿಂದೆ ಮುಂದೆ ಆಡಿಸುವ ಪಂಪುಗಳೂ ಇವೆ. ಇದು ತಿದಿಯ ತಮ್ಮ. ಪಿಸ್ಟನ್ ಪಂಪು ಹೆಚ್ಚು ಒತ್ತಡ ಕೊಡುತ್ತದೆ, ಆದರೆ ನೀರಿನಲ್ಲಿ ಕರಗದೆ ತೇಲುವ ಪುಡಿಗಳೂ ಬೋರ್ಡೋ ದ್ರಾವಣದ ಸುಣ್ಣದ ಮರಳೂ ಅದರ ವಾಷರನ್ನು ಉಜ್ಜಿ ಸವೆಸುತ್ತವೆ. ಪೊರೆಯ ಪಂಪಿನಲ್ಲಿ ಉಜ್ಜುವ ಭಾಗವೇ ಇಲ್ಲ, ಒತ್ತಡ ಮಾತ್ರ ಕಡಿಮೆ. ಕಳೆನಾಶಕಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಒತ್ತಡ ಬೇಡವಾದ್ದರಿಂದ ಆ ಕೆಲಸಕ್ಕೆ ಪೊರೆಯ ಪಂಪು ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಲವು ಪಂಪುಗಳಲ್ಲಿ ಟ್ಯಾಂಕೇ ಗಾಳಿಕೋಣೆ. ಮುಕ್ಕಾಲು ಪಾಲು ದ್ರಾವಣ ತುಂಬಿ, ಮೇಲಿನ ಜಾಗಕ್ಕೆ ಸೈಕಲ್ಲಿಗೆ ಹೊಡೆದಂತೆ ಗಾಳಿ ಹೊಡೆದು, ಆಮೇಲೆ ಬೆನ್ನಿಗೇರಿಸುತ್ತಾರೆ. ನಡೆಯುವಾಗ ಸನ್ನೆ ಒತ್ತುವ ಕಷ್ಟವಿಲ್ಲ. ಆದರೆ ದ್ರಾವಣ ಖಾಲಿಯಾದಂತೆ ಒತ್ತಡ ಇಳಿಯುತ್ತದೆ. ಮೊದಲ ಸಾಲಿಗೆ ಬಿದ್ದಷ್ಟು ಕೊನೆಯ ಸಾಲಿಗೆ ಬೀಳುವುದಿಲ್ಲ. ಕೈತೋಟಕ್ಕೆ, ಸಸಿಮಡಿಗೆ ಚೆನ್ನ. ಎಕರೆಗಟ್ಟಲೆ ಕಳೆನಾಶಕಕ್ಕೆ ಬೇಡ. ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಆರಂಭವಾದ ಮೇಲೆ ಮನೆಗಳ ಗೋಡೆಗೆ ಡಿ.ಡಿ.ಟಿ. ಹೊಡೆಯಲು ಬರುತ್ತಿದ್ದವರ ಕೈಯಲ್ಲಿ, ಬಕೆಟ್ಟಿನೊಳಗೆ ಇಟ್ಟು ಕಾಲಿನಿಂದ ಅದುಮಿ ಹಿಡಿದು ಒತ್ತುವ ಪಂಪು ಇರುತ್ತಿತ್ತು. ಹಿರಿಯರಿಗೆ ನೆನಪಿರಬಹುದು. ಒಬ್ಬರು ಒತ್ತುವುದು, ಒಬ್ಬರು ಹೊಡೆಯುವುದು.

ಅಡಿಕೆ ತೋಟದ ರಾಕರ್ ಪಂಪಿನದೂ ಇಬ್ಬರ ಕೆಲಸವೇ, ಆದರೆ ಕಾರಣ ಬೇರೆ. ನೀರನ್ನು 10 ಮೀಟರ್ ಮೇಲೆ ಏರಿಸಲು 1 ಕೆ.ಜಿ. ಒತ್ತಡ ಅದಕ್ಕೇ ಹೋಗುತ್ತದೆ. 15 ಮೀಟರ್ ಎತ್ತರದ ಮರದ ಕೊನೆಗೆ ತಲುಪಿಸುವಾಗ ಒಂದೂವರೆ ಕೆ.ಜಿ. ಬರೀ ಏರುವುದಕ್ಕೆ, ಉದ್ದದ ಪೈಪಿನೊಳಗಿನ ಉಜ್ಜುವಿಕೆಗೆ ಇನ್ನಷ್ಟು. ಅಷ್ಟಾದ ಮೇಲೂ ನಾಜಲ್ ಬಾಯಲ್ಲಿ ಮೂರು ಕೆ.ಜಿ. ಉಳಿಯಬೇಕು. ಬೆನ್ನಿನ ಪಂಪಿನ ಶಕ್ತಿ ಇದಕ್ಕೆ ಸಾಲದು. ರಾಕರ್ ಮತ್ತು ಕಾಲುಪಂಪುಗಳು 10 ಕೆ.ಜಿ.ಗೂ ಹೆಚ್ಚು ಒತ್ತಡ ಕೊಡಬಲ್ಲವು. ಕೆಳಗೆ ಒತ್ತುವವನು ಮಾತಿಗೆ ನಿಂತರೆ ಮರದ ಮೇಲಿನ ಕೊನೆಗಾರನ ಕೈಯಲ್ಲಿ ನಾಜಲ್ ತೊಟ್ಟಿಕ್ಕುತ್ತದೆ. ಆ ಮರದ ಕೊನೆಗೆ ಕೊಳೆ ಬಂದರೆ ಔಷಧದ ತಪ್ಪಲ್ಲ.

ನಾಜಲ್: ಸಣ್ಣ ತೂತು, ದೊಡ್ಡ ಲೆಕ್ಕ

ಇಷ್ಟೆಲ್ಲ ಒತ್ತಡ ಕೊಡುವುದು ಯಾಕೆ? ನೀರನ್ನು ಹನಿ ಮಾಡಲು. 400 ಮೈಕ್ರಾನ್, ಅಂದರೆ 1 ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲು ಅಡ್ಡಳತೆಯ ಹನಿಗಳಾಗಿ ಒಡೆದರೆ ಒಂದು ಲೀಟರಿನಲ್ಲಿ ಸುಮಾರು 3 ಕೋಟಿ ಹನಿ. ಅಡ್ಡಳತೆ ಅರ್ಧವಾಗಿ 200 ಮೈಕ್ರಾನ್ ಆದರೆ ಸುಮಾರು 24 ಕೋಟಿ, ಎಂದರೆ ಎಂಟು ಪಟ್ಟು. ಎಲೆಯ ಅಡಿಯಲ್ಲಿ ಕುಳಿತ ಹೇನಿಗೆ, ಎಲೆಯ ತುಂಬ ಹರಡುವ ಬೂಜಿಗೆ ಹೆಚ್ಚು ಹನಿ ಬೇಕು. ಆದ್ದರಿಂದ ಸಣ್ಣ ಹನಿ ಒಳ್ಳೆಯದು. ಹಾಗೆಂದು ಸಣ್ಣದು ಮಾಡುತ್ತಾ ಹೋದರೆ ಗಾಳಿಯ ಪಾಲಾಗುತ್ತದೆ. 100 ಮೈಕ್ರಾನಿನ ಹನಿ 3 ಮೀಟರ್ ಎತ್ತರದಿಂದ ನೆಲಕ್ಕೆ ಬೀಳಲು ಸುಮಾರು 11 ಸೆಕೆಂಡು ಬೇಕು. 20 ಮೈಕ್ರಾನಿನ ಹನಿಗೆ ಸುಮಾರು 4 ನಿಮಿಷ. ನಾಲ್ಕು ನಿಮಿಷದಲ್ಲಿ ಗಾಳಿ ಅದನ್ನು ಯಾರ ಹೊಲಕ್ಕೆ, ಯಾರ ಅಂಗಳಕ್ಕೆ ಒಯ್ಯುತ್ತದೆಯೋ ಹೇಳಲಾಗದು.

ಅದಕ್ಕೇ ಕೆಲಸಕ್ಕೆ ತಕ್ಕ ನಾಜಲ್. ಕೀಟ ಮತ್ತು ರೋಗನಾಶಕಕ್ಕೆ ಟೊಳ್ಳು ಶಂಕುವಿನಂತೆ ಹರಡುವ ನಾಜಲ್. ಇದರೊಳಗೆ ಓರೆ ತೂತುಗಳಿರುವ ಒಂದು ಸಣ್ಣ ಬಿಲ್ಲೆ ಇದೆ. ನೀರು ಅದರ ಮೂಲಕ ಸುಳಿಯಾಗಿ ತಿರುಗಿ ಹೊರಬಿದ್ದು ಒಡೆಯುತ್ತದೆ. ಬಿಲ್ಲೆ ಕಳೆದುಹೋದರೆ ಸುಳಿಯೂ ಇಲ್ಲ, ಹನಿಯೂ ಇಲ್ಲ. ನೀರು ಜಿಗ್ಗೆಂದು ನೇರ ಹಾರುತ್ತದೆ. ಹಾಗೆ ದೂರ ಹಾರುವುದನ್ನೇ ಪಂಪಿನ ಶಕ್ತಿ ಎಂದು ಮೆಚ್ಚುವವರೂ ಇದ್ದಾರೆ! ಕಳೆನಾಶಕಕ್ಕೆ ಚಪ್ಪಟೆ ಬೀಸಣಿಗೆಯಂತೆ ಹರಡುವ ನಾಜಲ್, ಕಡಿಮೆ ಒತ್ತಡ, ದಪ್ಪ ಹನಿ. ಬಾಯನ್ನು ತಿರುಗಿಸಿ ಹೇಗೆ ಬೇಕಾದರೂ ಹೊಂದಿಸಬಹುದಾದ ನಾಜಲ್‌ಗಳನ್ನು ಅಂಗಡಿಯವರು ಹೊಗಳಿ ಕೊಡುತ್ತಾರೆ. ಪ್ರತಿ ಸಲವೂ ಒಂದೊಂದು ರೀತಿ ಹೊಂದಿಸಿದರೆ ಅಳತೆ ನಿಲ್ಲುವುದೆಲ್ಲಿ? ಕಳೆನಾಶಕಕ್ಕೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಒಂದು ವಿಷಯ ನೆನಪಿಡಬೇಕು. ಒತ್ತಡ ಎರಡು ಪಟ್ಟಾದರೆ ನೀರು ಎರಡು ಪಟ್ಟಾಗುವುದಿಲ್ಲ. ನೀರು ಎರಡು ಪಟ್ಟು ಬರಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು. ಆದ್ದರಿಂದ ಹೆಚ್ಚು ನೀರು ಬೇಕೆಂದು ಜೋರಾಗಿ ಒತ್ತುವುದು ವ್ಯರ್ಥ. ಹನಿ ಸಣ್ಣದಾಗಿ ಹಾರಿಹೋಗುತ್ತದೆ, ಕೈ ಸೋಲುತ್ತದೆ. ದೊಡ್ಡ ತೂತಿನ ನಾಜಲ್ ಹಾಕಿಕೊಳ್ಳಿ.

ಕಟ್ಟಿಕೊಂಡ ನಾಜಲ್‌ಗೆ ಗುಂಡುಸೂಜಿ, ತಂತಿ ಚುಚ್ಚಬೇಡಿ. ತೂತು ಒಮ್ಮೆ ಸೊಟ್ಟಗಾದರೆ ಮತ್ತೆ ಸರಿಯಾಗದು. ಹುಲ್ಲುಕಡ್ಡಿ ಅಥವಾ ಹಲ್ಲುಜ್ಜುವ ಬ್ರಷ್ಷಿನ ಕೂದಲು ಸಾಕು. ಬಾಯಲ್ಲಿಟ್ಟು ಊದುವುದನ್ನು ಯಾವ ಕಾರಣಕ್ಕೂ ಮಾಡಕೂಡದು. ಹೊಸದರಲ್ಲಿ ನಿಮಿಷಕ್ಕೆ ಎಷ್ಟು ನೀರು ಬರುತ್ತದೆಂದು ಅಳೆದು ಟ್ಯಾಂಕಿನ ಮೇಲೆ ಬರೆದಿಡಿ. ಮುಂದೆ ಅದು ನೂರಕ್ಕೆ ಹತ್ತರಷ್ಟು ಹೆಚ್ಚಾದ ದಿನ ನಾಜಲ್ ಸವೆದಿದೆ ಎಂದು ತಿಳಿದು ಬದಲಾಯಿಸಿ.

ಒಂದು ಗುಂಟೆಯ ಪರೀಕ್ಷೆ

ಎಕರೆಗೆ ಎಷ್ಟು ಪಂಪು ದ್ರಾವಣ ಬೇಕು ಎಂದು ಕೇಳಿದರೆ ಹತ್ತು ಜನ ಹತ್ತು ಉತ್ತರ ಹೇಳುತ್ತಾರೆ. ಎಲ್ಲವೂ ಸರಿಯಿರಬಹುದು, ಏಕೆಂದರೆ ಅದು ನಿಮ್ಮ ನಾಜಲ್, ನಿಮ್ಮ ಕೈ, ನಿಮ್ಮ ನಡಿಗೆಯ ಮೇಲೆ ನಿಂತಿದೆ. ಅಳೆಯುವುದು ಸುಲಭ. 33 ಅಡಿ ಉದ್ದ 33 ಅಡಿ ಅಗಲ ಎಂದರೆ ಒಂದು ಗುಂಟೆ. ಹೊಲದಲ್ಲಿ ನಾಲ್ಕು ಗೂಟ ನೆಟ್ಟು ಗುರುತು ಮಾಡಿ. ಟ್ಯಾಂಕಿಗೆ ಬರೀ ನೀರನ್ನು ಒಂದು ಗೆರೆಯವರೆಗೆ ತುಂಬಿ, ಎಂದಿನ ನಡಿಗೆಯಲ್ಲಿ ಆ ಗುಂಟೆಗೆ ಹೊಡೆಯಿರಿ. ಮತ್ತೆ ಅದೇ ಗೆರೆಗೆ ತುಂಬಲು ಎಷ್ಟು ಲೀಟರ್ ಬೇಕಾಯಿತೆಂದು ಅಳೆಯಿರಿ. 3 ಲೀಟರ್ ಆದರೆ 40ರಿಂದ ಗುಣಿಸಿ: ಎಕರೆಗೆ 120 ಲೀಟರ್. 16 ಲೀಟರಿನ ಟ್ಯಾಂಕಿಗೆ ಏಳೂವರೆ ಪಂಪು.

ಕಳೆನಾಶಕದ ಚೀಟಿಯಲ್ಲಿ ಎಕರೆಗೆ 1 ಲೀಟರ್ ಎಂದಿದ್ದರೆ ಏಳೂವರೆಯಿಂದ ಭಾಗಿಸಿ. ಒಂದು ಪಂಪಿಗೆ 133 ಮಿಲಿಲೀಟರ್. ಅಳೆಯದೆ "ಎಕರೆಗೆ ಹತ್ತು ಪಂಪು" ಎಂದು ನಂಬಿ ನೂರು ನೂರು ಹಾಕಿದವನ ಹೊಲಕ್ಕೆ ಬಿದ್ದದ್ದು ಮುಕ್ಕಾಲು ಲೀಟರ್ ಮಾತ್ರ. ಕಳೆ ಸಾಯಲಿಲ್ಲ, ದುಡ್ಡು ಹೋಯಿತು, ಕಳೆ ಕೀಳಲು ಮತ್ತೆ ಕೂಲಿ. ನಿಧಾನವಾಗಿ ನಡೆಯುವವನಿಗೆ ಹನ್ನೆರಡು ಪಂಪು ಖರ್ಚಾದರೆ ಬೆಳೆಗೆ ಬಿದ್ದದ್ದು 1200 ಮಿಲಿಲೀಟರ್. ಬಾಟಲಿಯ ಮುಚ್ಚಳದಲ್ಲಿ ಅಳೆದು ಹಾಕುವ ಪದ್ಧತಿಯನ್ನೂ ಬಿಡಬೇಕು. ಒಂದು ಕಂಪನಿಯ ಮುಚ್ಚಳದಂತೆ ಇನ್ನೊಂದರದು ಇರುವುದಿಲ್ಲ. ಹೊಡೆಯುವ ಆಳು ಬದಲಾದರೆ ಪರೀಕ್ಷೆಯನ್ನೂ ಮತ್ತೆ ಮಾಡಬೇಕು, ಏಕೆಂದರೆ ನಡಿಗೆ ಬದಲಾಯಿತು.

ಬೆನ್ನು ಯಾರದು?

ಈಗ ಹೇಳುವ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ. ತುಂಬಿದ ಪಂಪು ಸುಮಾರು 20 ಕಿಲೋ ತೂಗುತ್ತದೆ. ಅದನ್ನು ಹೊರುವವನು ಬಹಳ ಸಲ ಅದನ್ನು ಕೊಂಡವನಲ್ಲ. ಕೊಳ್ಳುವವನು ಬೆಲೆ ನೋಡುತ್ತಾನೆ. ಸೋರುವುದು ಹೊರುವವನ ಬೆನ್ನಿನ ಮೇಲೆ.

ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ಗಾಳಿತೂತು ಇರುತ್ತದೆ. ದ್ರಾವಣ ಇಳಿದಂತೆ ಗಾಳಿ ಒಳಗೆ ಬರದಿದ್ದರೆ ಪಂಪು ಎಳೆಯುವುದಿಲ್ಲ, ಅದಕ್ಕಾಗಿ. ಒಳ್ಳೆಯ ಪಂಪಿನಲ್ಲಿ ಆ ತೂತಿಗೆ ಗಾಳಿಯನ್ನು ಒಳಬಿಟ್ಟು ದ್ರಾವಣವನ್ನು ಹೊರಬಿಡದ ಒಂದು ರಬ್ಬರಿನ ಸಣ್ಣ ವಾಲ್ವು ಇದೆ. ಅದು ಹರಿದೋ ಕಳೆದೋ ಹೋದರೆ ಬಗ್ಗಿದಾಗಲೆಲ್ಲ ಔಷಧ ಕತ್ತಿನ ಮೇಲೆ ಚೆಲ್ಲುತ್ತದೆ. ಬೆನ್ನಿನಿಂದ ಇಳಿದು ಪಂಚೆ, ಚಡ್ಡಿ ನೆನೆಯುತ್ತದೆ. ತೊಡೆಸಂದಿನ ಚರ್ಮ ಅಂಗೈಯ ಚರ್ಮಕ್ಕಿಂತ ಹಲವು ಪಟ್ಟು ಬೇಗ ವಿಷವನ್ನು ಹೀರುತ್ತದೆ. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ನಾನೇ ಹೇಳುತ್ತಿದ್ದೇನೆ. ಹಿಡಿಕೆಯ ಬಳಿ ಸೋರಿದರೆ ಬಟ್ಟೆ ಸುತ್ತಿಕೊಳ್ಳುವುದು ಎಲ್ಲ ಕಡೆ ಕಾಣುವ ಪರಿಹಾರ. ಆ ಬಟ್ಟೆ ವಿಷದಲ್ಲಿ ನೆಂದು ದಿನವಿಡೀ ಅಂಗೈಗೆ ಅಂಟಿಕೊಂಡಿರುತ್ತದೆ. ಬಟ್ಟೆಯಿಲ್ಲದೆ ಸೋರುವುದೇ ಅದಕ್ಕಿಂತ ವಾಸಿ. ಅಲ್ಲಿ ಬೇಕಾದದ್ದು ಕೆಲವು ರೂಪಾಯಿಯ ಓ-ರಿಂಗ್.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು; ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಕೂಲಿಗಾರರು ಬಹಳ. ಆ ವರ್ಷ ಗಿಡಗಳು ಆಳೆತ್ತರ ಬೆಳೆದು, ಹೊಡೆದ ಔಷಧ ಮುಖಕ್ಕೂ ಎದೆಗೂ ಬೀಳುತ್ತಿತ್ತು. ಡಬ್ಬಿಯ ಮೇಲಿನ ಕೆಂಪು ತ್ರಿಕೋನದ ಅರ್ಥ ಅತಿ ವಿಷ ಎಂದು. ಅಂಥದ್ದನ್ನು ಸೋರುವ ಪಂಪಿಗೆ ಹಾಕುವುದು ಕೊಲ್ಲುವ ಕೆಲಸ. ಗಾಳಿ ಅಡ್ಡವಾಗಿ ಬೀಸುವಂತೆ ನೋಡಿಕೊಂಡು, ಗಾಳಿ ಹೋಗುವ ಕಡೆಯ ಅಂಚಿನಿಂದ ಆರಂಭಿಸಿ ಸಾಲು ಸಾಲಾಗಿ ಈಚೆಗೆ ಬರಬೇಕು. ಆಗ ಹೊಡೆದ ಗಿಡಗಳ ನಡುವೆ ಮತ್ತೆ ನುಗ್ಗಬೇಕಾಗುವುದಿಲ್ಲ. ಹೊರುವ ಪಟ್ಟಿ ಅಗಲವಾಗಿರಲಿ. ಗೋಣಿದಾರ ಕಟ್ಟಿದ ಪಂಪು ಹೆಗಲನ್ನು ಕೊಯ್ಯುತ್ತದೆ, ಕೊಯ್ದ ಚರ್ಮದಿಂದ ವಿಷ ಇನ್ನೂ ಬೇಗ ಒಳಗಿಳಿಯುತ್ತದೆ.

ರೋಗ ಗುರುತಿಸುವುದು

ಪಂಪಿನ ಕಾಯಿಲೆಗಳು ಎತ್ತಿನ ಕಾಯಿಲೆಗಳಷ್ಟು ಗೂಢವಲ್ಲ. ಸನ್ನೆ ಹಗುರಾಗಿ ಆಡುತ್ತದೆ, ಒತ್ತಡವೇ ಏರುವುದಿಲ್ಲ ಎಂದರೆ ಒಳಬಾಗಿಲಿನ ಗುಂಡಿನ ಕೆಳಗೆ ಕಸ ಕುಳಿತಿದೆ, ಇಲ್ಲವೆ ವಾಷರು ಒಣಗಿ ಸವೆದಿದೆ. ಕೈಬಿಟ್ಟ ಸನ್ನೆ ತಾನಾಗಿಯೇ ಏಳುತ್ತದೆ ಎಂದರೆ ಹೊರಬಾಗಿಲು ಮುಚ್ಚುತ್ತಿಲ್ಲ, ಗಾಳಿಕೋಣೆಯ ಒತ್ತಡ ಹಿಂದಕ್ಕೆ ಬಂದು ಪಿಸ್ಟನ್ನನ್ನು ದೂಡುತ್ತಿದೆ. ಸನ್ನೆ ಬಿಗಿ ಇದೆ, ಸಿಂಪರಣೆ ಮಾತ್ರ ಸಣ್ಣಗೆ ಬರುತ್ತಿದೆ ಎಂದರೆ ಹಿಡಿಕೆಯೊಳಗಿನ ಅಥವಾ ನಾಜಲ್ ಹಿಂದಿನ ಜರಡಿ ಕಟ್ಟಿದೆ. ಕಟ್ಟುವುದು ಬೇಸರವೆಂದು ಜರಡಿಯನ್ನೇ ತೆಗೆದು ಎಸೆಯುವವರಿದ್ದಾರೆ. ಟ್ಯಾಂಕಿನ ಬಾಯಿಯ ಜರಡಿಯನ್ನು ತೆಗೆದವನು ಕೆರೆಯ ಪಾಚಿಯನ್ನು ನಾಜಲ್‌ನಲ್ಲಿ ಹುಡುಕುತ್ತಾನೆ.

ಚರ್ಮದ ವಾಷರಿಗೆ ಹರಳೆಣ್ಣೆ ಸವರಬಹುದು. ರಬ್ಬರಿಗೆ ಸೀಮೆಎಣ್ಣೆ, ಎಂಜಿನ್ ಎಣ್ಣೆ ಸೋಕಿಸಬೇಡಿ, ಉಬ್ಬಿ ಹಾಳಾಗುತ್ತದೆ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಕೂಡದು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಆಗಬೇಕು. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಹರಿತವಾದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಬಣ್ಣ ಕಟ್ಟಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಬೆರೆಸಬೇಕು. ಪಂಪಿಗೆ ಹಾಕುವ ಮುನ್ನ ಬಟ್ಟೆಯಲ್ಲಿ ಸೋಸುವುದನ್ನು ಮರೆತರೆ ವಾಷರು ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ.

ಕಳೆನಾಶಕಕ್ಕೆ ಬೇರೆಯೇ ಒಂದು ಪಂಪು ಇರಬೇಕು. 2,4-ಡಿ ಹೊಡೆದ ಪಂಪಿನಲ್ಲಿ ಹತ್ತಿಗೆ, ಟೊಮೇಟೊಗೆ, ದ್ರಾಕ್ಷಿಗೆ ಔಷಧ ಹೊಡೆದರೆ ಪೈಪಿನೊಳಗೆ ಉಳಿದ ಅಲ್ಪಸ್ವಲ್ಪವೇ ಎಲೆಗಳನ್ನು ಮುರುಟಿಸಲು ಸಾಕು. ನಂಜುರೋಗ ಬಂತೆಂದು ಸಸ್ಯರೋಗ ತಜ್ಞರ ಬಳಿ ಎಲೆ ಹಿಡಿದುಕೊಂಡು ಬರುವವರಲ್ಲಿ ಕೆಲವರ ಕಾಯಿಲೆ ಗಿಡದಲ್ಲಿಲ್ಲ, ಪಂಪಿನಲ್ಲಿದೆ. ಎರಡು ಪಂಪು ಇಡಲಾಗದ ಸಣ್ಣ ಹಿಡುವಳಿದಾರರು ನಾಲ್ಕೈದು ಮನೆಯವರು ಸೇರಿ ಕಳೆನಾಶಕಕ್ಕೆಂದು ಒಂದನ್ನು ಕೊಳ್ಳಬಹುದು. ಅದಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಿಡಿ. ತೊಳೆಯುವಾಗ ವಾಷಿಂಗ್ ಸೋಡಾದ ನೀರನ್ನು ತುಂಬಿ, ಸ್ವಲ್ಪ ಹೊತ್ತು ಬಿಟ್ಟು, ಪೈಪು ನಾಜಲ್‌ಗಳ ಮೂಲಕವೂ ಹಾಯಿಸಿ, ಆಮೇಲೆ ಎರಡು ಮೂರು ಸಲ ಬರೀ ನೀರು. ತೊಳೆದ ನೀರು ಕಾಲುವೆಗೆ, ಕೆರೆಗೆ ಬೇಡ.

ಈಗ ಬ್ಯಾಟರಿ ಪಂಪುಗಳು ಹಳ್ಳಿಹಳ್ಳಿಗೂ ಬಂದಿವೆ. ಇಷ್ಟೆಲ್ಲ ಸನ್ನೆಯ ಲೆಕ್ಕ ಯಾಕೆ ಎಂದು ಯುವಕರು ಕೇಳಬಹುದು. ಬ್ಯಾಟರಿ ಸನ್ನೆ ಒತ್ತುವ ಕೈಯನ್ನು ಉಳಿಸಿತು, ಒತ್ತಡವನ್ನು ಸಮವಾಗಿಯೂ ಕೊಡುತ್ತದೆ, ಒಳ್ಳೆಯದೇ. ಆದರೆ ಅದರಲ್ಲಿಯೂ ಇರುವುದು ಸಣ್ಣ ಪೊರೆಯ ಪಂಪು, ಅದೇ ವಾಲ್ವು, ಅದೇ ಜರಡಿ, ಅದೇ ನಾಜಲ್. ಒಂದು ಗುಂಟೆಯ ಪರೀಕ್ಷೆಯಿಂದ ಅದಕ್ಕೂ ವಿನಾಯಿತಿಯಿಲ್ಲ. ಮೇಲಾಗಿ, ನಾಜಲ್ ಬದಲಾಯಿಸದೆ ಗುಂಡಿ ತಿರುಗಿಸಿ ಒತ್ತಡ ಏರಿಸುವ ಆಸೆ ಅದರಲ್ಲಿ ಹೆಚ್ಚು. ಹನಿ ಮಂಜಿನಂತಾಗಿ ಹೊಡೆಯುವವನ ಮೂಗಿಗೇ ಬರುತ್ತದೆ. ಕೊಳ್ಳುವಾಗ ಅಂಗಡಿಯಲ್ಲಿಯೇ ನೀರು ತುಂಬಿಸಿ, ಬೆನ್ನಿಗೇರಿಸಿಕೊಂಡು, ಮುಂದಕ್ಕೆ ಬಗ್ಗಿ ನೋಡಿ. ಸೋರಿದರೆ ಅಲ್ಲೇ ಇಳಿಸಿ ಬನ್ನಿ. ವಾಷರು, ಓ-ರಿಂಗ್, ನಾಜಲ್ ಬಿಡಿಯಾಗಿ ನಿಮ್ಮ ಹೋಬಳಿಯಲ್ಲಿ ಸಿಗದ ಪಂಪನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಮಾತು ಉದ್ದವಾಯಿತು. ಹೊರಗೆ ಹೊಂಗೆಮರದ ಪಕ್ಕದ ಬಯಲಿನಲ್ಲಿ ಒಂದು ಗುಂಟೆ ಗುರುತು ಮಾಡಿ ಗೂಟ ನೆಟ್ಟಿದ್ದೇವೆ. ಮೂರು ಪಂಪು, ಅಳತೆಯ ಜಗ್ಗು, ನೀರು ಇವೆ. ನಿಮ್ಮಲ್ಲಿ ಕೆಲವರು ಮನೆಯಿಂದಲೇ ಪಂಪು ತಂದಿರುವುದನ್ನು ನೋಡಿದೆ, ಬಹಳ ಸಂತೋಷ. ಮೊದಲು ಅವುಗಳ ಮುಚ್ಚಳ ತೆಗೆದು ಗಾಳಿತೂತಿನ ರಬ್ಬರು ಇದೆಯೇ ಇಲ್ಲವೇ ನೋಡೋಣ, ಆಮೇಲೆ ಒಬ್ಬೊಬ್ಬರಾಗಿ ಗುಂಟೆಗೆ ಇಳಿಯೋಣ. ಬನ್ನಿ.